ಕ್ಯಾಬಿನ್ ಕಿಂಡಿ: ಮಳೆಯ ಕುಣಿತಕ್ಕೆ ಶಿಳ್ಳೆ ಹೊಡೆಯಬಹುದಾ?

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಸಿನಿಮಾದ ಬಗ್ಗೆ. 2021ರ ನವೆಂಬರ್ 19ಕ್ಕೆ ತೆರೆಗೆ ಬಂದ 'ಗರುಡ ಗಮನ ವೃಷಭ ವಾಹನ'. ರಾಜ್ ಬಿ. ಶೆಟ್ಟಿ ಬರೆದು, ನಿರ್ದೇಶಿಸಿ, ಶಿವನ ಪಾತ್ರವನ್ನೂ ಮಾಡಿದ್ದಾರೆ. ಹರಿಯಾಗಿ ರಿಷಬ್ ಶೆಟ್ಟಿ. ಮಂಗಳೂರಿನ ಮಂಗಳಾದೇವಿಯಲ್ಲಿ ಒಟ್ಟಿಗೆ ಬೆಳೆದ ಇಬ್ಬರು ಹುಡುಗರು ರೌಡಿಗಳಾಗುವ ಕಥೆ. ವಿಮರ್ಶಕರು ಹೊಗಳಿದ್ದಾರೆ. ನಮ್ಮ ಓದುಗರಲ್ಲಿ ಕೆಲವರು ಕುಣಿದಾಡಿದ್ದಾರೆ, ಕೆಲವರು ಸಿಟ್ಟು ಮಾಡಿಕೊಂಡಿದ್ದಾರೆ. ಹಾಗಾಗಿ ಉಳಿದ ಪ್ರಶ್ನೆಗಳನ್ನು ಮುಂದಿನ ತಿಂಗಳಿಗೆ ಎತ್ತಿಟ್ಟಿದ್ದೇನೆ.

ಹೊಸ ಓದುಗರಿಗೆ ಒಂದು ಮಾತು. ನಾನು ವಿಮರ್ಶಕನಲ್ಲ. ಶಿವಮೊಗ್ಗದ ಒಂದು ಟಾಕೀಸಿನಲ್ಲಿ 1977ರಿಂದ 2012ರವರೆಗೆ ಪ್ರೊಜೆಕ್ಟರ್ ಓಡಿಸಿದವನು. ಕೊನೆಗೆ ಏನಾಗುತ್ತದೆ ಅನ್ನುವುದನ್ನು ಇಲ್ಲಿ ಎಲ್ಲೂ ಹೇಳಿಲ್ಲ. ಇನ್ನೂ ನೋಡದವರು ಧೈರ್ಯವಾಗಿ ಓದಬಹುದು.

ಸರ್, ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಬಂದು ಸಿನಿಮಾ ನೋಡಿದೆ. ದೊಡ್ಡವನು 'ಇಂಥದ್ದು ಕನ್ನಡದಲ್ಲಿ ಬಂದೇ ಇಲ್ಲ' ಅಂತಾನೆ. ಚಿಕ್ಕವನು 'ರೌಡಿಗಳನ್ನು ದೇವರು ಮಾಡಿದ್ದಾರೆ' ಅಂತಾನೆ. ಸಾಗರ ತಲುಪುವವರೆಗೂ ಕಾರಿನಲ್ಲಿ ಜಗಳ. ನನಗೆ ಕೊಲೆಗಿಂತ ಹೆಚ್ಚು ಹಿಂಸೆ ಆಗಿದ್ದು ಹುಡುಗರು ಅದಕ್ಕೆ ಹೊಡೆದ ಶಿಳ್ಳೆ. ಯಾರು ಸರಿ?
— ಅಡಿಕೆ ಬೆಳೆಗಾರರು, ಸಾಗರ

ನೀವು ಶಿಳ್ಳೆಯ ಮಾತು ಎತ್ತಿದಿರಿ. ನನ್ನ ಇಡೀ ಕೆಲಸದ ಜೀವನ ಅದರಲ್ಲೇ ಕಳೆದಿದೆ. ಸ್ವಲ್ಪ ಉದ್ದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರೊಜೆಕ್ಟರ್ ಇರುವ ಕ್ಯಾಬಿನ್ನಿನಲ್ಲಿ ಒಂದೊಂದು ಮಷೀನಿಗೆ ಎರಡೆರಡು ಕಿಂಡಿ. ಒಂದರಿಂದ ಬೆಳಕು ಹೊರಗೆ ಹೋಗುತ್ತದೆ, ಇನ್ನೊಂದರಿಂದ ಆಪರೇಟರ್ ನೋಡಬೇಕು. 2000 ಅಡಿಯ ರೀಲು ಇಪ್ಪತ್ತೆರಡು ನಿಮಿಷ ಓಡುತ್ತದೆ. ಮುಗಿಯುವ ಹೊತ್ತಿಗೆ ಪರದೆಯ ಬಲಗಡೆ ಮೇಲಿನ ಮೂಲೆಯಲ್ಲಿ ಒಂದು ಚುಕ್ಕೆ ಮಿಂಚಿ ಹೋಗುತ್ತದೆ. ಆಗ ಮುಂದಿನ ರೀಲು ಹಾಕಿಟ್ಟ ಎರಡನೇ ಮಷೀನಿನ ಮೋಟರ್ ಹಾಕಬೇಕು. ಏಳು ಸೆಕೆಂಡ್ ಬಿಟ್ಟು ಇನ್ನೊಂದು ಚುಕ್ಕೆ. ಆಗ ಬೆಳಕು ಬದಲಿಸಬೇಕು. ತಪ್ಪಿದರೆ ಪರದೆ ಬೆಳ್ಳಗಾಗಿ ಕೆಳಗಿನಿಂದ ಬೈಗುಳ ಬರುತ್ತದೆ. ಅಂದರೆ ಕಣ್ಣು ಪರದೆ ಬಿಟ್ಟು ಕದಲುವ ಹಾಗಿಲ್ಲ. ಜನರನ್ನು ಕಿವಿಯಿಂದಲೇ ನೋಡಬೇಕು. ಮಷೀನಿನ ಕಟಕಟ ಸದ್ದಿನಲ್ಲಿ ಮಾತು, ನಗು, ಅಳು ಯಾವುದೂ ಕ್ಯಾಬಿನ್ನಿಗೆ ಕೇಳಿಸುವುದಿಲ್ಲ. ಶಿಳ್ಳೆ ಕೇಳಿಸುತ್ತದೆ. ಮತ್ತೆ, ಇಡೀ ಹಾಲ್ ಉಸಿರು ಹಿಡಿದಾಗ ಅದೂ ಗೊತ್ತಾಗುತ್ತದೆ. ಆಗ ಮಷೀನಿನ ಸದ್ದು ಇದ್ದಕ್ಕಿದ್ದಂತೆ ಎರಡು ಪಟ್ಟು ಆದ ಹಾಗೆ ಅನ್ನಿಸುತ್ತದೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಾಶಿನಾಥ್ ಅವರ 'ಅಪರಿಚಿತ' ಬಂತು, 1978ರಲ್ಲಿ. ಕೊಲೆಯ ಕಥೆ. ಅದಕ್ಕೆ ಒಂದು ಶಿಳ್ಳೆಯೂ ಬೀಳಲಿಲ್ಲ. ಇಂಟರ್ವಲ್‌ನಲ್ಲಿ ಜನ ಟೀ ಲೋಟ ಹಿಡಿದುಕೊಂಡು 'ಯಾರು ಮಾಡಿದ್ದು, ಯಾರು ಮಾಡಿದ್ದು' ಅಂತ ಪಿಸುಗುಟ್ಟುತ್ತಿದ್ದರು. ಹದಿನೇಳು ವರ್ಷ ಬಿಟ್ಟು 1995ರಲ್ಲಿ 'ಓಂ' ಬಂತು. ಉಪೇಂದ್ರ ಅದರಲ್ಲಿ ನಿಜವಾದ ರೌಡಿಗಳನ್ನೇ ತಂದು ನಿಲ್ಲಿಸಿದ್ದರು. ಲಾಂಗ್ ಕೈಗೆ ಬಂದ ತಕ್ಷಣ ಕೆಳಗಿನ ಕ್ಲಾಸಿನಿಂದ ಏಳುತ್ತಿದ್ದ ಶಿಳ್ಳೆಗೆ ಕಿಂಡಿಯ ಗಾಜು ಅದುರುತ್ತಿತ್ತು. ಹಾಡಿಗೆ ಒನ್ಸ್ ಮೋರ್ ಕೂಗುವುದು ನನಗೆ ಗೊತ್ತಿತ್ತು. ಹೊಡೆದಾಟಕ್ಕೂ ಕೂಗಿದ್ದನ್ನು ಅವತ್ತು ಕೇಳಿದೆ. ಅವತ್ತು ರಾತ್ರಿ ಸೈಕಲ್ ತುಳಿದುಕೊಂಡು ಮನೆಗೆ ಹೋಗುವಾಗ ಮನಸ್ಸಿಗೆ ಸಮಾಧಾನ ಇರಲಿಲ್ಲ. ಸಿನಿಮಾ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಶಿಳ್ಳೆ ಯಾರಿಗೆ ಅನ್ನುವ ಪ್ರಶ್ನೆ ಅವತ್ತಿನಿಂದ ನನ್ನ ಬೆನ್ನು ಬಿಟ್ಟಿಲ್ಲ.

ಆಮೇಲೆ ನಾನು ಒಂದು ಲೆಕ್ಕ ಕಂಡುಕೊಂಡೆ. ರೌಡಿ ಸಿನಿಮಾ ಅಂದಮೇಲೆ ಏಟು ಇದ್ದೇ ಇರುತ್ತದೆ. ಏಟು ಬಿದ್ದ ಮೇಲೆ ಸಿನಿಮಾ ಎಷ್ಟು ಹೊತ್ತು ಅಲ್ಲೇ ನಿಲ್ಲುತ್ತದೆ ಅಂತ ನೋಡಿ. ಬಿದ್ದವನನ್ನು ಬಿಟ್ಟು ತಕ್ಷಣ ಹೀರೋನ ಮುಖಕ್ಕೆ ಹಾರಿದರೆ, ಹಿಂದೆಯೇ ಡ್ರಮ್ ಬಾರಿಸಿದರೆ, ಶಿಳ್ಳೆ ಹೊಡೆಯಿರಿ ಅಂತ ಸಿನಿಮಾವೇ ಕೇಳುತ್ತಿದೆ ಅಂತ ಅರ್ಥ. ಅಲ್ಲೇ ನಿಂತು ಬಿಟ್ಟರೆ ಶಿಳ್ಳೆ ತಾನಾಗಿ ಸಾಯುತ್ತದೆ.

ಈ ಸಿನಿಮಾವನ್ನು ನಾನು ಮೂರು ಸಲ ನೋಡಿದೆ. ಕೊಲೆ ಮಾಡಿದ ಶಿವ ಮಳೆಯಲ್ಲಿ ಹುಲಿವೇಷದ ಹೆಜ್ಜೆ ಹಾಕಿ ಕುಣಿಯುವ ದೃಶ್ಯ ಇದೆಯಲ್ಲ, ನಿಮ್ಮ ಮಕ್ಕಳ ಜಗಳವೂ ಅದರ ಮೇಲೇ ಇರಬೇಕು. ಮೊದಲ ಶುಕ್ರವಾರ ಬೆಳಗಿನ ಆಟ. ಕಾಲೇಜು ಹುಡುಗರೇ ತುಂಬಿದ್ದರು. ಕುಣಿತ ಶುರುವಾದಾಗ ಕೂಗಾಟ, ಮೊಬೈಲ್ ಲೈಟು. ನಾನು ಮನಸ್ಸಿನಲ್ಲೇ ಎಣಿಸುತ್ತಾ ಕೂತೆ. ಕುಣಿತ ನಿಲ್ಲಲಿಲ್ಲ. ಮಳೆಯೂ ನಿಲ್ಲಲಿಲ್ಲ. ಅವನು ಯಾರಿಗೂ ತೋರಿಸಲಿಕ್ಕೆ ಕುಣಿಯುತ್ತಿಲ್ಲ, ಮೈಮೇಲೆ ಬಂದವನ ಹಾಗೆ ಕುಣಿಯುತ್ತಿದ್ದಾನೆ. ಶಿಳ್ಳೆ ಒಂದೊಂದೇ ಕಡಿಮೆಯಾಯಿತು. ಕೊನೆಗೆ ಎಡಗಡೆಯ ಒಬ್ಬ ಹುಡುಗ ಮಾತ್ರ ಉಳಿದ. ಅವನೂ ಬಿಟ್ಟ.

ಎರಡನೇ ಸಲ ಭಾನುವಾರ ನಮ್ಮನೆಯವಳ ಜೊತೆ. ಅದರ ಸುದ್ದಿ ಮುಂದೆ ಬರುತ್ತದೆ. ಮೂರನೇ ಸಲ ಬುಧವಾರದ ಮ್ಯಾಟಿನಿ. ಇಪ್ಪತ್ತು ಜನ ಇದ್ದೆವೋ ಏನೋ. ಆ ದೃಶ್ಯಕ್ಕೆ ಒಂದು ಸದ್ದೂ ಇಲ್ಲ. ಮುಂದಿನ ಸಾಲಿನಲ್ಲಿ ಯಾರೋ ಗಂಟಲು ಸರಿ ಮಾಡಿಕೊಂಡದ್ದು ಕೇಳಿಸಿತು.

ಹಾಗಾಗಿ ನಿಮ್ಮ ಚಿಕ್ಕ ಮಗನಿಗೆ ಹೇಳಿ: ಶಿಳ್ಳೆಗೆ ಈ ಸಿನಿಮಾ ಶುರುವಿನಲ್ಲಿ ಬಾಗಿಲು ತೆರೆಯುತ್ತದೆ, ಅದು ನಿಜ. ಆದರೆ ಆಮೇಲೆ ಅದನ್ನು ಮುಚ್ಚುವ ಕೆಲಸವನ್ನೂ ಮಾಡುತ್ತದೆ. ದೊಡ್ಡ ಮಗನಿಗೆ ಹೇಳಿ: ಇನ್ನೊಂದು ಸಲ ಜನ ಕಡಿಮೆ ಇರುವ ಆಟಕ್ಕೆ ಹೋಗು, ಹೋಗಿ ಬಂದು ತಮ್ಮನ ಜೊತೆ ಮಾತಾಡು. ಸಾಗರದಲ್ಲಿ ಬುಧವಾರ ಮಧ್ಯಾಹ್ನ ಜನ ಕಡಿಮೆಯೇ ಇರುತ್ತಾರೆ.

ಮಹದೇಶ್ವರನ ಪದವನ್ನು ಕೊಲೆ ಮಾಡಿದವನ ಕುಣಿತಕ್ಕೆ ಹಾಕಿದ್ದು ಸರಿಯಾ? ನಮ್ಮ ಭಜನೆ ಮಂಡಳಿಯಲ್ಲಿ ಇದೇ ಚರ್ಚೆ. ನನಗೆ ಕಣ್ಣಲ್ಲಿ ನೀರು ಬಂತು, ಆದರೆ ಯಾವ ಕಾರಣಕ್ಕೆ ಬಂತು ಅಂತ ಗೊತ್ತಾಗಲಿಲ್ಲ.
— ಗೃಹಿಣಿ, ಭದ್ರಾವತಿ

ಅಮ್ಮ, 'ಸೋಜುಗಾದ ಸೂಜುಮಲ್ಲಿಗೆ' ಮಲೆ ಮಹದೇಶ್ವರನ ಒಕ್ಕಲಿನವರು ತಲೆತಲಾಂತರದಿಂದ ಹಾಡಿಕೊಂಡು ಬಂದ ಪದ. ಚಾಮರಾಜನಗರ ಜಿಲ್ಲೆಯ ಬೆಟ್ಟದ ದೇವರು. ಅಲ್ಲಿಂದ ಮಂಗಳಾದೇವಿಗೆ ಎಷ್ಟು ದೂರ ನೋಡಿ. ಹುಲಿವೇಷ ಕರಾವಳಿಯದ್ದು, ಪದ ಕೊಳ್ಳೇಗಾಲದ ಕಡೆಯದ್ದು. ಎರಡನ್ನೂ ಒಂದು ಮಳೆಯಲ್ಲಿ ನೆನೆಸಿದ್ದಾರೆ. ಸಂಗೀತ ಮಿಥುನ್ ಮುಕುಂದನ್, ಹಾಡಿದವರು ಚೈತ್ರಾ ಜೆ. ಆಚಾರ್.

ನನಗೆ ಕೇಳಿಸಿದ್ದನ್ನು ಹೇಳುತ್ತೇನೆ. ಹೆಂಗಸಿನ ದನಿ, ನಿಧಾನ. ಪೂಜೆಗೆ ಹೂವು ಪೋಣಿಸುತ್ತಾ ಕೂತವರು ಹಾಡುವ ಹಾಗೆ. ಶಿವನ ಕಾಲಿನ ಹೆಜ್ಜೆ ಮಾತ್ರ ಹುಲಿಯದ್ದು. ಹಾಡು ಒಂದು ದಾರಿ, ಹೆಜ್ಜೆ ಇನ್ನೊಂದು ದಾರಿ. ಸಿನಿಮಾದಲ್ಲಿ ಶಿವ ಹೆತ್ತವರಿಲ್ಲದ ಹುಡುಗ, ಹರಿಯ ತಾಯಿ ಸಾಕಿದವನು. ಆ ದನಿ ಕೇಳಿದಾಗ ನನಗೆ ಅನ್ನಿಸಿದ್ದು, ಇವನಿಗೆ ಯಾರೂ ಜೋಗುಳ ಹಾಡಿಲ್ಲ ಅಂತ. ನಿಮ್ಮ ಕಣ್ಣೀರಿಗೂ ಅದೇ ಕಾರಣ ಇರಬಹುದೇನೋ.

ಆದರೆ ನಮ್ಮನೆಯವಳು ಇದನ್ನು ಒಪ್ಪಿಲ್ಲ. ಅವಳ ತವರು ಕೊಳ್ಳೇಗಾಲದ ಹತ್ತಿರ. ಆ ಪದಗಳನ್ನು ಕೇಳಿಕೊಂಡೇ ಬೆಳೆದವಳು. ಭಾನುವಾರ ಸಿನಿಮಾ ಬಿಟ್ಟ ಮೇಲೆ ಬಸ್‌ಸ್ಟ್ಯಾಂಡ್‌ವರೆಗೂ ಒಂದು ಮಾತಾಡಲಿಲ್ಲ. ಬಸ್ಸಿನಲ್ಲಿ ಕೂತ ಮೇಲೆ ಹೇಳಿದಳು: 'ನಮ್ಮವ್ವ ಈ ಪದ ಹೇಳ್ತಿದ್ದಿದ್ದು ಸೋಮವಾರ ತಲೆಗೆ ನೀರು ಹಾಕ್ಕೊಂಡ ಮೇಲೆ. ಇನ್ನು ಮೇಲೆ ಇದು ಕೇಳಿದ್ರೆ ನಂಗೆ ಅವ್ವನ ಜೊತೆ ರಕ್ತಾನೂ ನೆನಪಾಗುತ್ತೆ. ಅದನ್ನ ಯಾರು ತೆಗೀತಾರೆ?' ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಹಾಡು ಈಗ ಎಲ್ಲರ ಮೊಬೈಲಿನಲ್ಲಿದೆ. ಮಹದೇಶ್ವರನ ಹೆಸರೇ ಕೇಳದ ಹುಡುಗರು ಅದನ್ನು ಗುನುಗುತ್ತಿದ್ದಾರೆ. ಅದು ಲಾಭ ಅಂತ ನಾನು ಅಂದರೆ, ಅವಳು ನಷ್ಟದ ಲೆಕ್ಕ ಮುಂದಿಡುತ್ತಾಳೆ. ಎರಡೂ ನಿಜವೇ. ನಿಮ್ಮ ಮಂಡಳಿಯಲ್ಲಿ ಏನು ತೀರ್ಮಾನ ಆಯಿತು ಅಂತ ಬರೆಯಿರಿ. ಅವಳಿಗೆ ಓದಿ ಹೇಳುತ್ತೇನೆ.

ಇದು 'ಉಳಿದವರು ಕಂಡಂತೆ'ಯ ನಕಲು ಅಲ್ವಾ ಸರ್? ಅದೇ ಕರಾವಳಿ, ಅದೇ ಹುಲಿವೇಷ, ಅದೇ ಶೆಟ್ಟರು.
— ಬಿ.ಕಾಂ. ವಿದ್ಯಾರ್ಥಿ, ಶಿವಮೊಗ್ಗ

ಅಲ್ಲ. 2014ರ ಆ ಸಿನಿಮಾ ಮಲ್ಪೆಯದ್ದು, ರಕ್ಷಿತ್ ಶೆಟ್ಟಿ ಮಾಡಿದ್ದು. ರಿಷಬ್ ಅದರಲ್ಲೂ ಇದ್ದರು. ಒಂದೇ ಘಟನೆಯನ್ನು ಬೇರೆ ಬೇರೆಯವರು ಹೇಗೆ ಕಂಡರು ಅನ್ನುವುದು ಅದರ ಕಟ್ಟು. ಆ ಕಟ್ಟಿಗೂ ಹಿರಿಯಜ್ಜ ಇದ್ದಾನೆ. ಜಪಾನಿನ ಕುರೊಸಾವಾ 1950ರಲ್ಲಿ ಮಾಡಿದ 'ರಾಶೊಮಾನ್'. ಹೆಗ್ಗೋಡಿನ ನೀನಾಸಂನವರು 1973ರಲ್ಲೇ ಚಿತ್ರಸಮಾಜ ಕಟ್ಟಿ ಇಂಥ ಸಿನಿಮಾಗಳನ್ನು ನಮ್ಮ ಹಳ್ಳಿಗಳಿಗೆ ತಂದರು. ನೀವು 'ರಾಶೊಮಾನ್' ಇನ್ನೂ ನೋಡಿಲ್ಲ ಅಂದರೆ ಮೊದಲು ಅದನ್ನು ನೋಡಿ.

ಈಗಿನದು ನೇರ ಕಥೆ. ಇಬ್ಬರು ಗೆಳೆಯರು, ಅವರ ನಡುವೆ ಒಬ್ಬ ಪೊಲೀಸ್. ಗರುಡನ ಮೇಲೆ ಹೋಗುವವನು ಹರಿ, ಎತ್ತಿನ ಮೇಲೆ ಕೂತವನು ಶಿವ, ಉಳಿದವನು ಬ್ರಹ್ಮ. ಅದಕ್ಕೇ ಎಸ್‌ಐಗೆ ಬ್ರಹ್ಮಯ್ಯ ಅಂತ ಹೆಸರು. ಹುಲಿವೇಷ ಇದೆ ಅಂತ ನಕಲು ಅನ್ನುವುದಾದರೆ, ಮಳೆ ಇದೆ ಅಂತ ಮಲೆನಾಡಿನ ಕಥೆಗಳೆಲ್ಲ ಒಂದೇ ಅನ್ನಬೇಕಾಗುತ್ತದೆ.

ನಾನು ಮೂವತ್ತು ವರ್ಷ ಪೊಲೀಸ್ ಇಲಾಖೆಯಲ್ಲಿ ದುಡಿದವನು. ನಮ್ಮವರನ್ನು ಪುಕ್ಕಲು ಅಂತ ತೋರಿಸಿದ್ದು ಬೇಸರ ತಂದಿದೆ. ನೀವು ಅದನ್ನೂ ಹೊಗಳುತ್ತೀರೇನೋ.
— ನಿವೃತ್ತ ಹೆಡ್ ಕಾನ್‌ಸ್ಟೇಬಲ್, ಶಿಕಾರಿಪುರ

ಹೌದು ಸರ್, ಹೊಗಳುತ್ತೇನೆ. ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೊಗಳುತ್ತೇನೆ.

ಇಡೀ ಸಿನಿಮಾದಲ್ಲಿ ನಾನು ಅತಿ ಹೆಚ್ಚು ನಂಬಿದ ಮನುಷ್ಯ ಬ್ರಹ್ಮಯ್ಯ. ಗೋಪಾಲಕೃಷ್ಣ ದೇಶಪಾಂಡೆ ಆ ಪಾತ್ರ ಮಾಡಿದ ರೀತಿ ನೋಡಿ. ಕಣ್ಣಲ್ಲಿ ನಿದ್ದೆ ಇಲ್ಲ. ಮೇಲಿನವರ ಮಾತು ಮೀರುವ ಹಾಗಿಲ್ಲ, ಕೆಳಗೆ ಶಿವನ ಎದುರು ನಿಲ್ಲುವ ಹಾಗಿಲ್ಲ. ನಾನು ಓಡಿಸಿದ ಸಾವಿರಾರು ಆಟಗಳಲ್ಲಿ ಪೊಲೀಸರು ಎರಡೇ ಥರ ಇದ್ದರು. ಎಲ್ಲ ಮುಗಿದ ಮೇಲೆ ಜೀಪಿನಲ್ಲಿ ಬರುವವರು, ಇಲ್ಲ ಒಬ್ಬರೇ ನೂರು ಜನರನ್ನು ಹೊಡೆಯುವವರು. ಮನೆಯಲ್ಲಿ ಹೆಂಡತಿ ಇರುವ, ಹೆದರುವ, ಹೆದರಿಕೊಂಡೇ ಡ್ಯೂಟಿಗೆ ಹೋಗುವ ಎಸ್‌ಐಯನ್ನು ನಾನು ಅಪರೂಪಕ್ಕೆ ನೋಡಿದ್ದು. ಭಯ ಇದ್ದೂ ಮಾರನೇ ದಿನ ಯೂನಿಫಾರಂ ಹಾಕಿಕೊಳ್ಳುವುದು ಸಣ್ಣ ವಿಷಯ ಅಲ್ಲ. ನಿಮ್ಮ ಮೂವತ್ತು ವರ್ಷದಲ್ಲಿ ಅಂಥ ಬೆಳಗು ಎಷ್ಟು ಬಂದಿದ್ದವು ಅಂತ ನಿಮಗೇ ಗೊತ್ತು.

ಬ್ರಹ್ಮಯ್ಯ ಮಾಡಿದ್ದೆಲ್ಲ ಸರಿ ಅಂತ ನಾನು ಹೇಳುತ್ತಿಲ್ಲ. ಭಯಪಟ್ಟವನು ಏನೇನು ಮಾಡಬಹುದು ಅಂತ ಸಿನಿಮಾ ತೋರಿಸಿದೆ. ಅದು ನಿಮ್ಮ ಇಲಾಖೆಗೆ ಮಾತ್ರ ಸೇರಿದ ಸಂಗತಿ ಅಂತ ನನಗೆ ಅನ್ನಿಸಲಿಲ್ಲ.

ಮಂಗಳೂರು ಕನ್ನಡ ನಮಗೆ ಅರ್ಥ ಆಗುತ್ತಾ?
— ತೀರ್ಥಹಳ್ಳಿ

ತೀರ್ಥಹಳ್ಳಿಯವರಾಗಿ ಇದೆಂಥ ಪ್ರಶ್ನೆ ಮಾರಾಯ್ರೆ! ಆಗುಂಬೆಯ ಹದಿನಾಲ್ಕು ತಿರುವು ಇಳಿದರೆ ಅದೇ ಮಾತು. 'ಎಂತ' ಅನ್ನುವುದು ಘಾಟಿಯ ಮೇಲೂ ಇದೆ, ಕೆಳಗೂ ಇದೆ. ಹತ್ತು ನಿಮಿಷ ಕಿವಿ ಕೊಡಿ, ಆಮೇಲೆ ತಾನಾಗಿ ಹಿಡಿಯುತ್ತದೆ.

ಹತ್ತು ವರ್ಷದ ಮಗ ಹಠ ಮಾಡುತ್ತಿದ್ದಾನೆ. ಕರೆದುಕೊಂಡು ಹೋಗಬಹುದಾ? ಯುಎ ಅಂದರೆ ಏನು?
— ಅಂಗನವಾಡಿ ಶಿಕ್ಷಕಿ, ಹೊಸನಗರ

ಬೇಡ. ಯು ಅಂದರೆ ಎಲ್ಲರೂ ನೋಡಬಹುದು. ಎ ಅಂದರೆ 18 ತುಂಬಿದವರಿಗೆ ಮಾತ್ರ. ಈ ಸಿನಿಮಾ ಬಂದ 2021ರಲ್ಲಿ ಯುಎ ಅಂದರೆ 12ರ ಒಳಗಿನ ಮಕ್ಕಳ ವಿಷಯವನ್ನು ಹೆತ್ತವರು ಯೋಚಿಸಿ ತೀರ್ಮಾನ ಮಾಡಬೇಕು ಅಂತ ಇತ್ತು. ಸರ್ಟಿಫಿಕೇಟಿನಲ್ಲಿ ಏನೇ ಇರಲಿ, ಹತ್ತು ವರ್ಷದವನಿಗೆ ಈ ಸಿನಿಮಾ ಬೇಡ. ಇದರಲ್ಲಿ ಶಿವ ಹುಡುಗರ ಜೊತೆ ಮೈದಾನದಲ್ಲಿ ಕ್ರಿಕೆಟ್ ಆಡುತ್ತಾನೆ. ನಿಮ್ಮ ಮಗನಿಗೆ ಅವನು ತುಂಬಾ ಇಷ್ಟ ಆಗುತ್ತಾನೆ. ನನ್ನ ಹೆದರಿಕೆ ಅದೇ.

ನಾಯಕಿ ಇಲ್ಲ ಅಂತ ಎಲ್ಲರೂ ಮೆಚ್ಚಿಕೊಳ್ಳುತ್ತಿದ್ದಾರೆ. ನನಗೆ ಇಡೀ ಸಿನಿಮಾದಲ್ಲಿ ಹೆಂಗಸರೇ ಇಲ್ಲ ಅನ್ನಿಸಿತು. ಇಷ್ಟು ಜನ ಸಾಯುತ್ತಾರೆ. ಅವರಿಗೆ ಅಮ್ಮ, ಅಕ್ಕ, ಹೆಂಡತಿ ಇರಲ್ವಾ?
— ಕಾಲೇಜು ಉಪನ್ಯಾಸಕಿ, ಶಿವಮೊಗ್ಗ

ನಿಮ್ಮ ಕಾಗದವನ್ನು ನಾಲ್ಕು ಸಲ ಓದಿದೆ. ಮರ ಸುತ್ತುವ ಹಾಡು ಇಲ್ಲ ಅನ್ನುವುದು ನನಗೂ ಸಂತೋಷವೇ. ಆದರೆ ನೀವು ಕೇಳಿದ್ದು ಬೇರೆ. ಈ ಸಿನಿಮಾವನ್ನು ಇಷ್ಟೊಂದು ಮೆಚ್ಚಿಕೊಂಡ ನನಗೂ ಮೂರನೇ ಸಲ ನೋಡುವಾಗ ಅದೇ ಚುಚ್ಚಿತು.

ಏಟು ಬಿದ್ದ ಮೇಲೆ ಸಿನಿಮಾ ಅಲ್ಲೇ ನಿಲ್ಲಬೇಕು ಅಂತ ಮೇಲೆ ಹೇಳಿದೆನಲ್ಲ. ಇದು ನಿಲ್ಲುತ್ತದೆ, ಆದರೆ ಹೊಡೆದವನ ಹತ್ತಿರ ನಿಲ್ಲುತ್ತದೆ. ಸತ್ತವರ ಮನೆಯ ಜಗುಲಿಯಲ್ಲಿ ಇನ್ನೂ ಸ್ವಲ್ಪ ಹೊತ್ತು ಕೂರಬೇಕಿತ್ತು. 1985ರಲ್ಲಿ ಶಂಕರ್‌ನಾಗ್ 'ಆಕ್ಸಿಡೆಂಟ್' ಮಾಡಿದರು. ದೊಡ್ಡ ರಾಜಕಾರಣಿಯ ಮಗ ಕುಡಿದು ಕಾರು ಓಡಿಸಿ ಫುಟ್‌ಪಾತಿನಲ್ಲಿ ಮಲಗಿದ್ದ ಬಡವರ ಮೇಲೆ ಹರಿಸುತ್ತಾನೆ. ಆ ಸಿನಿಮಾದಲ್ಲಿ ಸತ್ತವರು ಲೆಕ್ಕಕ್ಕೆ ಸಿಗುವ ಸಂಖ್ಯೆ ಆಗಿ ಉಳಿಯಲಿಲ್ಲ. ಅದು ಓಡುತ್ತಿದ್ದಾಗ ನಾನು ಕ್ಯಾಬಿನ್ನಿನಲ್ಲಿ ಪ್ರೊಜೆಕ್ಟರಿನ ದೀಪ ಉರಿಸುವ ಹೊಸ ಕಾರ್ಬನ್ ಕಡ್ಡಿ ಹಾಕುವುದನ್ನು ಮರೆತು ಬೆಳಕು ಹಳದಿಗೆ ತಿರುಗಿತ್ತು. ಕೆಳಗಿನಿಂದ ಯಾರೂ ಕೂಗಲಿಲ್ಲ. ಆ ಮೌನ ನನಗೆ ಇವತ್ತಿಗೂ ನೆನಪಿದೆ.

ನಮ್ಮ ಹುಡುಗರು ಶಿವನನ್ನು ಮರೆಯುವುದಿಲ್ಲ. ಅವನು ಕೊಂದವರಲ್ಲಿ ಒಬ್ಬನ ಹೆಸರು ಹೇಳಿ ಅಂದರೆ ಎಷ್ಟು ಜನ ಹೇಳುತ್ತಾರೆ? ಪಕ್ಕದ ಮನೆಯ ಇಬ್ಬರು ಹುಡುಗರನ್ನು ಕೇಳಿ ನೋಡಿದೆ. ಇಬ್ಬರಿಗೂ ಆಗಲಿಲ್ಲ. ನಿಮ್ಮ ತರಗತಿಯಲ್ಲಿ ಕೇಳಿ, ದಯವಿಟ್ಟು. ಏನು ಉತ್ತರ ಬಂತು ಅಂತ ತಿಳಿಸಿ.

ಒಟಿಟಿಗೆ ಬರುವವರೆಗೆ ಕಾಯಬಾರದಾ? ಸುಮ್ನೆ ಸೊರಬದಿಂದ ಅಷ್ಟು ದೂರ ಯಾಕೆ ಬರಬೇಕು?
— ಸೊರಬ

ಬನ್ನಿ. ಎರಡು ವರ್ಷ ಕೊರೊನಾ ಅಂತ ಮನೆಯಲ್ಲೇ ಕೂತು ನೋಡಿದ್ದೇವೆ. 2021ರ ಅಕ್ಟೋಬರ್‌ನಿಂದ ಎಲ್ಲ ಸೀಟಿಗೂ ಟಿಕೆಟ್ ಕೊಡಲು ಶುರು ಮಾಡಿದರು. ಆ ತಿಂಗಳ 29ಕ್ಕೆ ಅಪ್ಪು ಹೋದರು. ಆಮೇಲೆ ಥಿಯೇಟರ್ ಮುಂದೆ ನಿಂತರೆ ಏನೋ ಬರಿದಾದ ಹಾಗೆ ಅನ್ನಿಸುತ್ತಿತ್ತು. ಈ ಸಿನಿಮಾಕ್ಕೆ ಜನ ಬಂದದ್ದು ನೋಡಿ ನನಗೆ ಜೀವ ಬಂತು.

ಇನ್ನೊಂದು ಕಾರಣ ಮಳೆಯ ಸದ್ದು. ನಾನು ಚಿಕ್ಕವನಿದ್ದಾಗ ನಮ್ಮ ಕಡೆ ಟೂರಿಂಗ್ ಟಾಕೀಸುಗಳು ಮಳೆಗಾಲ ಬಂತೆಂದರೆ ಡೇರೆ ಬಿಚ್ಚಿಕೊಂಡು ಹೋಗುತ್ತಿದ್ದವು. ಮಳೆ ಮತ್ತು ಸಿನಿಮಾ ಒಟ್ಟಿಗೆ ಸಿಗುತ್ತಲೇ ಇರಲಿಲ್ಲ. ಈ ಸಿನಿಮಾದ ಮಳೆ ನಾಲ್ಕೂ ಗೋಡೆಯಿಂದ ಬರುತ್ತದೆ. ಮೊಬೈಲಿನಲ್ಲಿ ಅದು ಬರೀ ಎಣ್ಣೆ ಕಾದ ಸದ್ದಿನ ಹಾಗೆ ಕೇಳಿಸುತ್ತದೆ.

ಈಗ ಥಿಯೇಟರ್‌ಗೆ ಹೋದರೆ ನೀವು ಎಲ್ಲಿ ಕೂರುತ್ತೀರಿ?
— ಏಳನೇ ತರಗತಿ ವಿದ್ಯಾರ್ಥಿನಿ, ರಿಪ್ಪನ್‌ಪೇಟೆ

ಕೊನೆಯ ಸಾಲು ಪುಟ್ಟಿ, ಕ್ಯಾಬಿನ್ ಕಿಂಡಿಯ ಕೆಳಗೆ. ಈಗ ಒಳಗೆ ರೀಲು ಇಲ್ಲ, ಕಂಪ್ಯೂಟರ್ ಡಬ್ಬಿ ಇದೆ. ಸದ್ದೂ ಕಡಿಮೆ. ಅಲ್ಲಿ ಕೂತರೆ ಎಲ್ಲರ ತಲೆ ಕಾಣಿಸುತ್ತದೆ. ಮಳೆಯ ಕುಣಿತದ ಹೊತ್ತಿಗೆ ಯಾವ ತಲೆ ಪಕ್ಕಕ್ಕೆ ತಿರುಗಿತು, ಯಾವುದು ನೆಟ್ಟಗೆ ನಿಂತಿತು ಅಂತ ನಾನು ನೋಡುತ್ತಿದ್ದೆ. ನಮ್ಮನೆಯವಳದ್ದು ಕೆಳಗೆ ಬಾಗಿತ್ತು.